ಟಿಕೆಟ್ ಇಲ್ಲದೆ ಬರುವ ಬೀಜ: ಹಲಸೂರಿನಲ್ಲಿ ಇಳಿಯಲು ಸ್ಟಾಪೇ ಇಲ್ಲ!

ಶಿವಾಜಿನಗರದ ಹಳೇ ಕಟ್ಟಡಗಳಲ್ಲಿ ಅಂಗಡಿ ಇಟ್ಟವರಿಗೆ ಈ ಕಷ್ಟ ಹೊಸದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತಾರಸಿಯ ಅಂಚಿನಲ್ಲಿ, ಗಾರೆ ಬಿರುಕಿನೊಳಗಿಂದ ಒಂದು ಅರಳಿ ಸಸಿ ಎರಡೆಲೆ ಬಿಟ್ಟುಕೊಂಡು ನಿಂತಿರುತ್ತದೆ. ಕಿತ್ತರೆ ಮೇಲಿನದು ಕೈಗೆ ಬರುತ್ತದೆ, ಬೇರು ಗೋಡೆಯಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಮತ್ತೆ ಹಾಜರು. ಯಾರು ನೆಟ್ಟರು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲೋ ಹಣ್ಣು ತಿಂದ ಕಾಗೆಯೋ ಗೊರವಂಕವೋ ನಿಮ್ಮ ಅಂಗಡಿ ಮೇಲೆ ಬಂದು ಕೂತು ಹಿಕ್ಕೆ ಹಾಕಿ ಹೋಗಿದೆ. ಬಾಡಿಗೆಯಿಲ್ಲ, ಮುಂಗಡವಿಲ್ಲ, ಗಿಡ ಮಾತ್ರ ಕಾಯಂ ಒಕ್ಕಲು!

ಗೋಡೆ ಮೇಲೆ ನಡೆಯುವ ಈ ವ್ಯವಹಾರ ನೀರಿನ ಮೇಲೂ ನಡೆಯುತ್ತದೆ. ಅಲ್ಲಿ ಇನ್ನೂ ದೊಡ್ಡದಾಗಿ ನಡೆಯುತ್ತದೆ. ಆದರೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದರ ಮಾತು ಯಾರೂ ಎತ್ತುವುದಿಲ್ಲ.

ಪ್ರತಿ ವರ್ಷ ಅಕ್ಟೋಬರ್, ನವೆಂಬರ್ ಬಂತೆಂದರೆ ನಮ್ಮ ಪೂರ್ವ ದಿಕ್ಕಿನ ಕೆರೆಗಳಿಗೆ ಪರದೇಶದ ನೆಂಟರು ಬರತೊಡಗುತ್ತಾರೆ. ಸೂಜಿಬಾಲದ ಬಾತು, ಕಣ್ಣಿನ ಮೇಲೆ ಬಿಳಿ ಹುಬ್ಬು ಎಳೆದಂತಿರುವ ಗಾರ್ಗನಿ ಬಾತು, ಸಟ್ಟುಗದಂಥ ಚಪ್ಪಟೆ ಕೊಕ್ಕಿನ ಶೋವೆಲರ್ ಬಾತು. ಸೈಬೀರಿಯಾ, ಮಧ್ಯ ಏಷ್ಯಾ ಕಡೆ ನೀರು ಹೆಪ್ಪುಗಟ್ಟುವ ಮೊದಲೇ ಹೊರಟು ಬರುವ ಹಕ್ಕಿಗಳಿವು. ಮಾರ್ಚ್, ಏಪ್ರಿಲ್‌ಗೆ ವಾಪಸು. ಹಳೇ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದರೆ ನೋಡಬಹುದು. ಮೊದಲು ಕೆ.ಆರ್.ಪುರ ದಾಟಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆ, ಆಮೇಲೆ ಹೊಸಕೋಟೆಯ ದೊಡ್ಡ ಕೆರೆ. ನೀರಿನ ಮೇಲೆ ಕಪ್ಪು ಚುಕ್ಕಿಗಳ ಹಾಗೆ ತೇಲುವುದೆಲ್ಲ ಕಸವಲ್ಲ, ಹಕ್ಕಿಯೂ ಇರುತ್ತದೆ.

ಈ ಹಕ್ಕಿಗಳು ಬರಿಗೈಯಲ್ಲಿ ಬರುವುದಿಲ್ಲ ಎಂಬುದೇ ಇವತ್ತಿನ ವಿಷಯ.

ಒಂದು ಬಟ್ಟಲು ಕೆಸರು, 537 ಗಿಡ

ಈ ಗುಟ್ಟನ್ನು ಬೆನ್ನು ಹತ್ತಿದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಅವರದು. ಮಂಗನಿಂದ ಮಾನವ ಅಂತ ಮೇಷ್ಟ್ರು ಪಾಠ ಮಾಡುವಾಗ ಬರುತ್ತಾರಲ್ಲ, ಅದೇ ಡಾರ್ವಿನ್. ಒಂದು ಪುಟ್ಟ ಕೊಳದ ಅಂಚಿನಲ್ಲಿ, ನೀರಿನ ಅಡಿಯಿಂದ, ಮೂರು ಜಾಗದಲ್ಲಿ ಮೂರು ದೊಡ್ಡ ಚಮಚ ಕೆಸರು ತೆಗೆದು ಮನೆಗೆ ತಂದರು. ಒಣಗಿದ ಮೇಲೆ ತೂಗಿದರೆ ಎಲ್ಲಾ ಸೇರಿ 200 ಗ್ರಾಂ ಕೂಡ ಇಲ್ಲ. ಒಂದು ಬಟ್ಟಲಿನಲ್ಲಿ ಹಿಡಿಯುವಷ್ಟು. ಅದನ್ನು ಮುಚ್ಚಿ ಆರು ತಿಂಗಳು ಓದುವ ಕೋಣೆಯಲ್ಲಿ ಇಟ್ಟುಕೊಂಡು, ಮೊಳಕೆ ಎದ್ದ ಹಾಗೆ ಕಿತ್ತು ಕಿತ್ತು ಲೆಕ್ಕ ಬರೆದರು. ಒಟ್ಟು 537 ಗಿಡ! 1859ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಲೆಕ್ಕವನ್ನು ಅವರೇ ಕೊಟ್ಟಿದ್ದಾರೆ.

ಅವರ ತರ್ಕ ಸರಳ. ಕೆಸರಿನಲ್ಲಿ ಇಷ್ಟು ಬೀಜ ಇರುವಾಗ, ಆ ಕೆಸರು ತುಳಿದು ಹಾರುವ ಹಕ್ಕಿಯ ಕಾಲಿಗೆ ಒಂದೆರಡಾದರೂ ಅಂಟದೆ ಇರುತ್ತದೆಯೆ? ಮನುಷ್ಯ ಚಪ್ಪಲಿ ಒರೆಸಿಕೊಂಡು ಮನೆಯೊಳಗೆ ಹೋಗುತ್ತಾನೆ. ಬಾತಿಗೆ ಆ ಅಭ್ಯಾಸ ಇಲ್ಲ.

ಕಾಲಿನ ಕೆಸರು ಒಂದು ದಾರಿ, ರೆಕ್ಕೆಪುಕ್ಕಕ್ಕೆ ಅಂಟಿಕೊಂಡು ಹೋಗುವುದು ಇನ್ನೊಂದು. ಆದರೆ ಆಮೇಲೆ ಬಂದ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದರೆ, ಹೆಚ್ಚು ಸರಕು ಸಾಗುವುದು ಹೊಟ್ಟೆಯೊಳಗೆ.

ಹೊಟ್ಟೆಗೆ ಹೋದ ಬೀಜ ಅರೆದು ಹೋಗುವುದಿಲ್ಲವೆ? ಹೋಗುತ್ತದೆ, ಬಹಳಷ್ಟು ಹೋಗುತ್ತದೆ. ಕೋಳಿ ಅಂಗಡಿಯಲ್ಲಿ ಲಿವರ್ ಜೊತೆ ಹಾಕಿಕೊಡುವ ಗಟ್ಟಿ ಮಾಂಸದ ಚೀಲ ನೋಡಿದ್ದೀರಲ್ಲ? ನಾಟಿ ಕೋಳಿಯದಾದರೆ ಕೊಯ್ದಾಗ ಒಳಗೆ ಮರಳು, ಸಣ್ಣ ಕಲ್ಲು ಸಿಗುತ್ತದೆ. ಅದೇ ಹಕ್ಕಿಯ ಬೀಸುವ ಕಲ್ಲು. ಬಾತಿಗೂ ಅದು ಇದೆ. ದೊಡ್ಡ, ಮೆತ್ತನೆ ಕಾಳು ಅದರಲ್ಲಿ ಸಿಕ್ಕಿದರೆ ಹಿಟ್ಟಾಯಿತು ಅಂತಲೇ ಲೆಕ್ಕ. ಸಾಸಿವೆಗಿಂತ ಸಣ್ಣದಾದ, ಗಟ್ಟಿ ಸಿಪ್ಪೆಯ ಬೀಜಗಳು ಮಾತ್ರ ಕಲ್ಲಿನ ಸಂದಿಯಲ್ಲಿ ನುಸುಳಿ ಇಡಿಯಾಗಿ ಹೊರಗೆ ಬರುತ್ತವೆ. ಕೆಲವಕ್ಕಂತೂ ಹೊಟ್ಟೆಯ ಪ್ರಯಾಣ ಒಳ್ಳೆಯದೇ ಮಾಡುತ್ತದೆ. ಸಿಪ್ಪೆ ಸವೆದು ಮೊಳಕೆ ಬೇಗ ಬರುತ್ತದೆ.

ಯುರೋಪಿನ ವಿಜ್ಞಾನಿಗಳು 7 ಜಾತಿಯ ಬಾತುಗಳು ಏನೇನು ತಿನ್ನುತ್ತವೆ ಅಂತ ಇದ್ದಬದ್ದ ವರದಿಗಳನ್ನೆಲ್ಲ ಗುಡ್ಡೆ ಹಾಕಿ 2016ರಲ್ಲಿ ಲೆಕ್ಕ ಪ್ರಕಟಿಸಿದರು. 500ಕ್ಕೂ ಹೆಚ್ಚು ಜಾತಿ ಸಸ್ಯಗಳ ಬೀಜ ಸಿಕ್ಕಿತು. ನೀರಿನ ಗಿಡ ಮಾತ್ರ ಅಲ್ಲ, ಹೊಲದ ಕಳೆ, ಬಯಲಿನ ಹುಲ್ಲು ಕೂಡ. ನಮ್ಮಲ್ಲಿಗೆ ಬರುವ ಸೂಜಿಬಾಲದ ಬಾತು, ಗಾರ್ಗನಿ, ಶೋವೆಲರ್ ಮೂರೂ ಆ ಏಳರ ಪಟ್ಟಿಯಲ್ಲಿವೆ. ಜೇಕು, ನೀರಿನಡಿ ಬೆಳೆಯುವ ಎಳೆಎಳೆ ಗಿಡಗಳು, ಗದ್ದೆಯಲ್ಲಿ ಭತ್ತದ ಜೊತೆ ತಲೆ ಎತ್ತುವ ಊದಲು ಜಾತಿಯ ಹುಲ್ಲು, ಇವೆಲ್ಲ ಬಾತಿನ ಹೊಟ್ಟೆಯ ಹಳೇ ಗಿರಾಕಿಗಳು.

ಎಕ್ಸ್‌ಪ್ರೆಸ್ ಅಲ್ಲ, ಷಟಲ್

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಸೈಬೀರಿಯಾದಲ್ಲಿ ನುಂಗಿದ ಬೀಜವನ್ನು ಬಾತು ಸೀದಾ ತಂದು ಹಲಸೂರಿನಲ್ಲಿ ಇಳಿಸುವುದಿಲ್ಲ. ಅಂಥ ಎಕ್ಸ್‌ಪ್ರೆಸ್ ಸರ್ವೀಸ್ ಇಲ್ಲ. ನುಂಗಿದ ಬೀಜಗಳಲ್ಲಿ ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಹೊರಗೆ ಬರುತ್ತವೆ. ಸ್ವಲ್ಪ ಮಾತ್ರ ಒಂದು ದಿನವೋ ಅದಕ್ಕೂ ಮೀರಿಯೋ ಒಳಗೆ ಉಳಿಯುತ್ತವೆ.

ಬಾತು ಗಂಟೆಗೆ 60ರಿಂದ 80 ಕಿಲೋಮೀಟರ್ ಹಾರುತ್ತದೆ. ಅಂದರೆ ಐದು ಗಂಟೆ ಹೊಟ್ಟೆಯಲ್ಲಿದ್ದ ಬೀಜ 300 ಕಿಲೋಮೀಟರ್ ಮೇಲೆ ದಾಟಬಹುದು. ಬೆಂಗಳೂರಿನಿಂದ ಹೆಚ್ಚುಕಮ್ಮಿ ಮದ್ರಾಸಿನ ಹತ್ತಿರ. ಅಲ್ಲಿ ಇಳಿದ ಬೀಜ ಬೇರು ಬಿಟ್ಟು, ಗಿಡವಾಗಿ, ಬೀಜ ಕಟ್ಟಿ, ಇನ್ನೊಂದು ವರ್ಷ ಇನ್ನೊಂದು ಹಕ್ಕಿ ಹತ್ತುತ್ತದೆ. ಬಸ್ಸು ಬದಲಾಯಿಸಿ ಬದಲಾಯಿಸಿ ಊರು ಸೇರುವ ಹಾಗೆ. ನೂರಾರು ವರ್ಷದ ಪ್ರಯಾಣ. ಬೀಜಕ್ಕೆ ಅವಸರವಿಲ್ಲ, ಆಫೀಸಿನಲ್ಲಿ ಹಾಜರಿ ಪುಸ್ತಕವೂ ಇಲ್ಲ.

ಹಾಗೆ ನೋಡಿದರೆ ಕೆರೆಗಳ ಮಟ್ಟಿಗೆ ದೂರದ ಹಾರಾಟಕ್ಕಿಂತ ದಿನನಿತ್ಯದ ಓಡಾಟವೇ ಹೆಚ್ಚು ಕೆಲಸದ್ದು. ಹಗಲು ಒಂದು ಕೆರೆಯಲ್ಲಿ ವಿಶ್ರಾಂತಿ, ಸಂಜೆ ಇನ್ನೊಂದು ಕೆರೆಗೋ ಗದ್ದೆಗೋ ಮೇಯಲು. ಇದು ಬಾತುಗಳ ಟೈಂಟೇಬಲ್. ಹೊಸಕೋಟೆ ಕೆರೆಯಿಂದ ಹಲಸೂರು ಕೆರೆಗೆ ಹಕ್ಕಿಯ ಲೆಕ್ಕದಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ. ಸಾಯಂಕಾಲ ಆರು ಗಂಟೆಗೆ ಟಿನ್ ಫ್ಯಾಕ್ಟರಿ ಹತ್ತಿರ ನಮ್ಮ ಬಸ್ಸು ಬರೀ ನಿಂತಿರುವುದೇ ಅದಕ್ಕಿಂತ ಜಾಸ್ತಿ. ಊರಲ್ಲೇ ವರ್ಷವಿಡೀ ಇರುವ ಚುಕ್ಕೆ ಕೊಕ್ಕಿನ ಬಾತು, ಹಣೆ ಮೇಲೆ ಬಿಳಿ ನಾಮ ಇಟ್ಟುಕೊಂಡ ನಾಮದ ಕೋಳಿ, ಇವೂ ಈ ಷಟಲ್ ಸರ್ವೀಸಿನಲ್ಲಿ ಪಾಲುದಾರರು.

ದೂರದ ಪ್ರಯಾಣದ ದಾಖಲೆ ಬೇಕೆನ್ನುವವರು ಗದಗ ಜಿಲ್ಲೆಗೆ ಹೋಗಬೇಕು. ಶಿರಹಟ್ಟಿ ಹತ್ತಿರ ಮಾಗಡಿ ಕೆರೆ. ಕೆಂಪೇಗೌಡರ ಮಾಗಡಿ ಅಲ್ಲ ಸ್ವಾಮಿ, ಇದು ಬೇರೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ಸುತ್ತಲ ಹೊಲಗಳಲ್ಲಿ ಮೇಯುತ್ತವೆ, ಕೆರೆಗೆ ಬಂದು ನೀರಿನಲ್ಲಿ ಕೂರುತ್ತವೆ. 2024ರ ಜನವರಿಯಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿ ಸೇರಿತು. ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಅದೂ ಒಂದು ಅಂತ ಮುದ್ರೆ ಬಿತ್ತು.

ಹಕ್ಕಿ ಏನೋ ಹೊತ್ತು ತರುತ್ತದೆ ಎಂಬ ಅನುಮಾನ ಕರ್ನಾಟಕದಲ್ಲಿ ಒಮ್ಮೆ ಭಯವಾಗಿಯೂ ಕಾಡಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಹತ್ತಿತು. ಅದೇ ಮಂಗನ ಕಾಯಿಲೆ. ರೋಗಾಣು ನೋಡಿದರೆ ರಷ್ಯಾ ಕಡೆಯ ಒಂದು ಜ್ವರದ ಸಂಬಂಧಿ. ಹಾಗಾದರೆ ಉಣ್ಣೆಹುಳುವನ್ನು ವಲಸೆ ಹಕ್ಕಿಗಳೇ ತಂದವೇ? ಈ ಪ್ರಶ್ನೆ ಎದ್ದದ್ದರಿಂದಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಅವರ ಮುಂದಾಳುತನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ, 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುವಾಯಿತು. ರೋಗವನ್ನು ಹಕ್ಕಿಗಳೇ ತಂದವು ಎಂಬುದು ಸಾಬೀತಾಗಲಿಲ್ಲ. ಆದರೆ ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ರಷ್ಯಾದಲ್ಲಿ ಸಿಕ್ಕವು. ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ಕಥೆಗೆ ಕಾಗದಪತ್ರ ಸಿಕ್ಕಿತು.

ನೀರು ಇಳಿಯುತ್ತದೆ, ಹತ್ತುವುದಿಲ್ಲ

ಇನ್ನು ನಮ್ಮ ದಂಡು ಪ್ರದೇಶಕ್ಕೆ ಬರೋಣ.

ಹಲಸೂರು ಕೆರೆ ತುಂಬಿ ಕೋಡಿ ಹರಿದರೆ ನೀರು ಎಲ್ಲಿಗೆ ಹೋಗುತ್ತದೆ? ಬೆಳ್ಳಂದೂರಿಗೆ. ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಆಮೇಲೆ ತಮಿಳುನಾಡು. ಈ ದಾರಿಯಲ್ಲಿ ಕೆಳಗೆ ಹೋಗುವ ಬೀಜಕ್ಕೆ ಹಕ್ಕಿ ಬೇಕಾಗಿಲ್ಲ, ರಾಜಕಾಲುವೆಯೇ ಸಾಕು. ಆದರೆ ವರ್ತೂರಿನ ಒಂದು ಜೇಕಿನ ಬೀಜ ಹಲಸೂರಿಗೆ ಬರಬೇಕೆಂದರೆ? ನೀರು ಮೇಲಕ್ಕೆ ಹತ್ತುವುದಿಲ್ಲ.

ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಕಥೆ ಇನ್ನೂ ಸ್ಪಷ್ಟ. ವೀಳ್ಯದೆಲೆ ವ್ಯಾಪಾರಿಯೊಬ್ಬರು ಬರಗಾಲದಲ್ಲಿ ಸ್ವಂತ ದುಡ್ಡು ಹಾಕಿ ಕಟ್ಟಿಸಿದ್ದು ಅಂತ ಜನ ಹೇಳುವ ಕೆರೆ ಅದು. (ವ್ಯಾಪಾರಸ್ಥರು ಬರೀ ಲಾಭ ನೋಡುತ್ತಾರೆ ಅನ್ನುವವರಿಗೆ ಈ ಹೆಸರು ಹೇಳಿ.) ಅದಕ್ಕೆ ನೀರು ಬರುವುದು ಹೆಬ್ಬಾಳ ಕಣಿವೆಯಿಂದ. ಹಲಸೂರು ಇರುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ. ನಡುವೆ ಏರು. ಎರಡು ಕೆರೆಗಳಿಗೂ ಹಳೇ ಮದ್ರಾಸು ರಸ್ತೆಯ ನೆಂಟಸ್ತನ ಇದೆಯೇ ಹೊರತು ನೀರಿನ ನೆಂಟಸ್ತನ ಊರಿನಾಚೆ, ಪಿನಾಕಿನಿಯಲ್ಲಿ ಮಾತ್ರ. ಒಂದರ ಬೀಜ ಇನ್ನೊಂದಕ್ಕೆ ಬರಬೇಕಾದರೆ ಇರುವ ದಾರಿಗಳಲ್ಲಿ ಭರವಸೆಯದು ರೆಕ್ಕೆಯ ದಾರಿ.

ಮೊದಲಾದರೆ ಈ ದಾರಿಯಲ್ಲಿ ನಿಲ್ದಾಣಗಳು ಹತ್ತಿರಹತ್ತಿರ ಇದ್ದವು. ದಂಡು ರೈಲು ನಿಲ್ದಾಣದ ಹತ್ತಿರ ಮಿಲ್ಲರ್ಸ್ ಕೆರೆ, ಅದರ ಜಾಗದಲ್ಲಿ ಈಗ ಭವನಗಳು. ಅಶೋಕನಗರದ ಕಡೆ ಶೂಲೆ ಕೆರೆ, ಈಗ ಫುಟ್‌ಬಾಲ್ ಮೈದಾನ. ಸಂಪಂಗಿ ಕೆರೆ, ಈಗ ಕಂಠೀರವ ಕ್ರೀಡಾಂಗಣ. ದೊಮ್ಮಲೂರಿನ ಆಚೆ ಚಲ್ಲಘಟ್ಟ ಕೆರೆ, ಈಗ ಗಾಲ್ಫ್ ಆಡುತ್ತಾರೆ. ನಡುವಿನ ನಾಲ್ಕು ಸ್ಟಾಪು ರದ್ದಾದ ಮೇಲೆ ಷಟಲ್ ಬಸ್ಸಿನ ಗತಿ ಏನಾಗುತ್ತದೆ ಅಂತ ಪ್ರಯಾಣಿಕರಿಗೆ ನಾನು ಹೇಳಬೇಕೆ?

ಉಳಿದದ್ದು ಹಲಸೂರು. ಕೆಂಪೇಗೌಡರ ವಂಶದವರ ಕಾಲದ ಕೆರೆ. ನಡುವೆ ಮರಗಳಿರುವ ದ್ವೀಪಗಳಿವೆ, ಅಲ್ಲಿ ನೀರುಕಾಗೆ, ಬೆಳ್ಳಕ್ಕಿಗಳ ಸಂತೆ. ಹಕ್ಕಿಗೆ ಇಳಿಯಲು ತೊಂದರೆಯಿಲ್ಲ. ತೊಂದರೆ ಬೀಜಕ್ಕೆ.

ಒಮ್ಮೆ ಕೆರೆ ಸುತ್ತ ನಡೆದು ನೋಡಿ. ಎಲ್ಲಿ ನೋಡಿದರೂ ಕಟ್ಟೆ, ಕಲ್ಲು, ಕಬ್ಬಿಣದ ಬೇಲಿ, ವಾಕಿಂಗ್ ದಾರಿ. ನೋಡಲು ಚೆಂದ, ಬೆಳಗ್ಗೆ ನಡೆಯುವವರಿಗೆ ಅನುಕೂಲ, ಒತ್ತುವರಿಗೂ ಸ್ವಲ್ಪ ತಡೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜೇಕಿನ ಬೀಜ ಮೊಳೆಯುವುದು ಆಳದ ನೀರಿನಲ್ಲಲ್ಲ, ಕಲ್ಲಿನ ಮೇಲೂ ಅಲ್ಲ. ನೀರು ಏರಿ ಇಳಿಯುವ ಆ ನಾಲ್ಕು ಮಾರು ಕೆಸರಿನ ಅಂಚು ಬೇಕು. ಬೇಸಿಗೆಯಲ್ಲಿ ಒಣಗಬೇಕು, ಮಳೆಗೆ ನೆನೆಯಬೇಕು. ಡಾರ್ವಿನ್ ಚಮಚ ಹಾಕಿದ್ದು ಅಂಥ ಅಂಚಿಗೇ. ನಮ್ಮಲ್ಲಿ ಕೆರೆ ಉದ್ಧಾರ ಅಂದರೆ ಮೊದಲು ಮಾಯವಾಗುವುದೇ ಆ ಅಂಚು. ತಟ್ಟೆಯಂತಿದ್ದ ಕೆರೆಯನ್ನು ಬಕೆಟ್ ಮಾಡಿ ಕೂರಿಸುತ್ತಾರೆ.

ಹೂಳೆತ್ತುವ ವಿಷಯವೂ ಹಾಗೇ. ಹೂಳು ತೆಗೆಯಲೇಬೇಕು, ಅನುಮಾನವಿಲ್ಲ. ಹಿಂದೆ ರೈತರು ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಬಂದು ಕೆರೆಗೋಡು ಹೊಲಕ್ಕೆ ಹೊಡೆಯುತ್ತಿದ್ದರು. ವರ್ಷಕ್ಕಿಷ್ಟು, ಅಲ್ಲಲ್ಲಿ. ಈಗ ಯಂತ್ರ ಇಳಿದರೆ ಅಂಚಿನಿಂದ ಅಂಚಿಗೆ ಕೆರೆದು ಲಾರಿಗೆ ತುಂಬುತ್ತದೆ. ಆ ಮಣ್ಣಿನ ಜೊತೆ ವರ್ಷಾನುಗಟ್ಟಲೆ ಕೂಡಿಟ್ಟ ಬೀಜದ ಉಳಿತಾಯ ಖಾತೆಯೂ ಲಾರಿ ಹತ್ತುತ್ತದೆ. ಆಮೇಲೆ ಕೆರೆ ಹಸಿರಾಗಬೇಕಾದರೆ ಗಾಳಿ, ನೀರು, ಹಕ್ಕಿ, ಈ ಮೂವರೇ ಠೇವಣಿದಾರರು.

ಅಂತರಗಂಗೆಗೆ ಹಕ್ಕಿ ಕಾರಣವೆ?

ಬೀಜ ತರುವ ಹಕ್ಕಿ ಕಳೆಯನ್ನೂ ತರುವುದಿಲ್ಲವೆ ಅಂತ ಕೇಳುವವರಿದ್ದಾರೆ. ತರುತ್ತದೆ. ಹಕ್ಕಿಗೆ ಒಳ್ಳೆಯ ಗಿಡ, ಕೆಟ್ಟ ಗಿಡ ಅಂತ ಭೇದವಿಲ್ಲ, ಇದ್ದದ್ದನ್ನು ತಿಂದು ಇದ್ದಲ್ಲಿ ಹಾಕುತ್ತದೆ. ನೇರಳೆ ಹೂವಿನ ಅಂತರಗಂಗೆಯ ಬೀಜ ಕೂಡ ಕೆಸರಿನ ಜೊತೆ ಹಕ್ಕಿ ಕಾಲಿಗೆ ಅಂಟಬಲ್ಲದು. ಆ ಬೀಜ ಕೆಸರಿನಲ್ಲಿ ಇಪ್ಪತ್ತು ವರ್ಷದ ತನಕ ಜೀವ ಹಿಡಿದುಕೊಂಡಿರಬಲ್ಲದು.

ಆದರೆ ಲೆಕ್ಕ ಸರಿಯಾಗಿ ಹಾಕಬೇಕು. ದಕ್ಷಿಣ ಅಮೆರಿಕದ ಆ ಗಿಡವನ್ನು ಹೂವಿನ ಚೆಂದ ನೋಡಿ 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ತಂದವರು ಮನುಷ್ಯರು, ಬಾತುಗಳಲ್ಲ. ಒಮ್ಮೆ ಕೆರೆಗೆ ಬಿದ್ದ ಮೇಲೆ ಅದು ಬೀಜಕ್ಕೆ ಕಾಯುವುದೂ ಇಲ್ಲ. ಗಿಡದ ಬುಡದಿಂದ ಮರಿ ಒಡೆದು ಮರಿ ಒಡೆದು ಹಾಸಿಗೆ ಹಾಸುತ್ತದೆ. ಅದಕ್ಕೆ ಊಟ ಹಾಕುವುದು ನಮ್ಮ ಚರಂಡಿ. ಹಕ್ಕಿ ಇಪ್ಪತ್ತು ಜಾತಿ ಬೀಜ ತಂದಿಟ್ಟರೂ ಕೊಳಚೆ ನೀರಿನಲ್ಲಿ ಗೆಲ್ಲುವುದು ಒಂದೋ ಎರಡೋ. ಉಳಿದವು ಮುಳುಗುತ್ತವೆ. ಆಮೇಲೆ ಆ ಕೆರೆಯಿಂದ ಹೊರಡುವ ಹಕ್ಕಿಗೆ ಹೊತ್ತೊಯ್ಯಲು ಸಿಗುವುದೂ ಅದೇ ಒಂದೆರಡು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದ್ದು ದಂಡಿನ ಜನ ಮರೆತಿಲ್ಲ. ನೀರಿನಲ್ಲಿ ಉಸಿರಾಡಲು ಆಮ್ಲಜನಕವೇ ಉಳಿದಿರಲಿಲ್ಲ. ಕೆಳಗಿನ ಬೆಳ್ಳಂದೂರು 2015ರಲ್ಲೂ 2017ರಲ್ಲೂ ಹೊತ್ತಿ ಉರಿಯಿತು. ನೀರಿಗೇ ಬೆಂಕಿ ಬಿದ್ದ ಊರು ಅಂತ ಪ್ರಪಂಚವೆಲ್ಲ ನೋಡಿ ನಕ್ಕಿತು. ಜೇಕು, ಜೊಂಡುಗಳ ಅಂಚು ಇದ್ದರೆ ಬೇರುಗಳು ಬರುವ ಕೊಳೆಯಲ್ಲಿ ಸ್ವಲ್ಪವನ್ನಾದರೂ ಹೀರುತ್ತವೆ. ಊರಿನ ಇಡೀ ಕೊಳಚೆಯನ್ನು ಹುಲ್ಲು ತೊಳೆಯುತ್ತದೆ ಅಂತ ನಾನು ಹೇಳುವುದಿಲ್ಲ. ಅದು ಶುದ್ಧೀಕರಣ ಘಟಕದ ಕೆಲಸ. ಆದರೆ ಪುಕ್ಕಟೆ ಸಿಗುವ ಕೂಲಿಯನ್ನು ಯಾವ ಅಂಗಡಿಯವನೂ ಬೇಡ ಅನ್ನುವುದಿಲ್ಲ. ಹಸು ಕಟ್ಟಿದವರಿಗೆ ಆ ಅಂಚು ಮೇವು, ಸೊಪ್ಪು ಮಾರುವವರಿಗೆ ಹೊನಗೊನ್ನೆ, ಮರಿಮೀನಿಗೆ ಅಡಗುತಾಣ.

ಮೀನು ಅಂದ ಕೂಡಲೆ ಇನ್ನೊಂದು ಮಾತು. ಯಾರೂ ಮರಿ ಬಿಡದ ಹೊಂಡದಲ್ಲಿ ಮೀನು ಕಾಣಿಸಿದರೆ ಹಳ್ಳಿ ಕಡೆ ಮಳೆಯ ಜೊತೆ ಬಿತ್ತು ಅನ್ನುತ್ತಾರೆ. ಹಂಗೇರಿಯ ವಿಜ್ಞಾನಿಗಳು ಬಾತುಗಳಿಗೆ ಕಾರ್ಪ್ ಜಾತಿ ಮೀನಿನ ಮೊಟ್ಟೆ ತಿನ್ನಿಸಿ ನೋಡಿ 2020ರಲ್ಲಿ ಫಲಿತಾಂಶ ಕೊಟ್ಟರು. ಸಾವಿರಕ್ಕೆ ಎರಡರಂತೆ ಮೊಟ್ಟೆಗಳು ಹಿಕ್ಕೆಯಲ್ಲಿ ಇಡಿಯಾಗಿ ಬಂದವು, ಅದರಲ್ಲಿ ಕೆಲವು ಮರಿಯೂ ಆದವು! ಸಾವಿರಕ್ಕೆ ಎರಡು ಅಂದರೆ ಕಡಿಮೆ ಅನ್ನಿಸಬಹುದು. ಮೀನು ಇಡುವುದು ಲಕ್ಷದ ಲೆಕ್ಕದಲ್ಲಿ, ಬಾತು ತಿನ್ನುವುದೂ ಬೊಗಸೆ ಲೆಕ್ಕದಲ್ಲಿ.

ಮೀನು ಮಾತ್ರ ತಿನ್ನುವ ಹೆಜ್ಜಾರ್ಲೆಯೂ ಈ ದಂಧೆಯಿಂದ ಹೊರಗಿಲ್ಲ. ಡಾರ್ವಿನ್ ಸತ್ತ ಮೀನುಗಳ ಹೊಟ್ಟೆಯಲ್ಲಿ ಬೀಜ ತುರುಕಿ ಹೆಜ್ಜಾರ್ಲೆ, ಕೊಕ್ಕರೆ, ಮೀನುಗಿಡುಗಗಳಿಗೆ ಹಾಕಿದ್ದರು. ಎಷ್ಟೋ ಗಂಟೆಗಳಾದ ಮೇಲೆ ಹೊರಬಿದ್ದ ಬೀಜಗಳಲ್ಲಿ ಕೆಲವು ಮೊಳೆತವು. ಬೀಜ ಮೀನಿನೊಳಗೆ, ಮೀನು ಹಕ್ಕಿಯೊಳಗೆ! ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳನ್ನು ಹೆರಿಗೆಗೆ ಬಂದ ಮಗಳ ಹಾಗೆ ನೋಡಿಕೊಳ್ಳುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಅಲ್ಲಿಯವರು ಹಿಕ್ಕೆಯ ಬೆಲೆ ವಿಜ್ಞಾನಿಗಳಿಗಿಂತ ಮೊದಲೇ ಕಟ್ಟಿದ್ದರು.

ಕೆರೆ ಕಾಮಗಾರಿಗೆ ನಕ್ಷೆ ಹಾಕುವವರಿಗೆ ಕೇಳುವುದು ಹೆಚ್ಚೇನಿಲ್ಲ. ಸುತ್ತಲೂ ಬೇಡ, ಒಂದು ಮೂಲೆಯಲ್ಲಿ ಕಲ್ಲು ಕಿತ್ತು ಇಳಿಜಾರು ಕೆಸರು ಬಿಡಿ. ಗಿಡ ನೆಡುವ ಗುತ್ತಿಗೆ ಕೊಡಬೇಡಿ, ನರ್ಸರಿ ಬಿಲ್ಲೂ ಬೇಡ. ಎರಡು ಮಳೆಗಾಲ ಯಾರೂ ಮುಟ್ಟದಿದ್ದರೆ ಸಾಕು, ಬಾತುಗಳು ತಂದು ಸುರಿಯುತ್ತವೆ. ಹೂಳೆತ್ತುವಾಗಲೂ ಒಂದು ಪಟ್ಟೆ ಹಳೇ ಅಂಚು ಉಳಿಸಿ ಉಳಿದದ್ದನ್ನು ತೆಗೆಯಿರಿ. ಇದಕ್ಕೆ ಟೆಂಡರ್ ಕರೆಯುವ ಅಗತ್ಯ ಬೀಳುವುದಿಲ್ಲ. ಬಹುಶಃ ಅದಕ್ಕೇ ಇದು ಯಾರಿಗೂ ಹೊಳೆಯುತ್ತಿಲ್ಲ.

ನಂಬಿಕೆ ಬಾರದವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಫೆಬ್ರವರಿ ಹೊತ್ತಿಗೆ, ಬಾತುಗಳು ಇನ್ನೂ ಇರುವಾಗ, ಎಲೆ ಮಲ್ಲಪ್ಪ ಶೆಟ್ಟಿ ಕೆರೆಯದೋ ಹೊಸಕೋಟೆ ಕೆರೆಯದೋ ಅಂಚಿನಿಂದ ಮೂರು ಚಮಚ ಕೆಸರು ತನ್ನಿ. ಹಳೇ ಬಟ್ಟಲಿಗೆ ಹಾಕಿ, ಮೇಲೊಂದು ಗಾಜು ಮುಚ್ಚಿ, ಬೆಳಕು ಬೀಳುವ ಕಿಟಕಿಯಲ್ಲಿ ಇಡಿ. ಒಣಗಲು ಬಿಡಬೇಡಿ. ಮೊಳಕೆ ಎದ್ದ ಹಾಗೆ ಮಕ್ಕಳ ಕೈಯಲ್ಲಿ ಕೀಳಿಸಿ ಅಂಗಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಗೀಟು ಹಾಕಿಸಿ. ಕೆಸರು ಮುಟ್ಟಿದ ಕೈಯನ್ನು ಮಾತ್ರ ಎರಡು ಸಲ ಸೋಪು ಹಾಕಿ ತೊಳೆಸಿ. ಬೀಜ ಎಲ್ಲಿಂದಲಾದರೂ ಬಂದಿರಲಿ, ಆ ನೀರು ನಮ್ಮ ಊರಿನದು.